ಮರಿಚ್‌ಝಾಪಿ: ಒಂದು ಕೊಡ ನೀರಿನ ಚರಿತ್ರೆ

ಕೆರೆಯ ನೀರು ಮುಟ್ಟುವುದಕ್ಕೂ ನಮ್ಮ ಜನ ಹೋರಾಟ ಮಾಡಬೇಕಾಯಿತು ಎಂಬುದನ್ನು ಈ ಪತ್ರಿಕೆ ಓದುವವರಿಗೆ ಮತ್ತೆ ಹೇಳಬೇಕಾಗಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಆ ಹೊತ್ತಿಗಾಗಲೇ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಎಂದು ಮುಂಬಯಿ ಶಾಸನಸಭೆ ಠರಾವು ಮಾಡಿತ್ತು. ಮಹಾಡಿನ ಮುನಿಸಿಪಾಲಿಟಿಯೂ ಒಪ್ಪಿತ್ತು. ಕಾಗದದ ಮೇಲೆ ಕೆರೆ ಎಲ್ಲರದೂ ಆಗಿತ್ತು. ಆದರೂ ನೀರು ಕುಡಿದವರ ಮೇಲೆ ದೊಣ್ಣೆ ಬಿತ್ತು. ಕಾಗದದ ಹಕ್ಕಿಗೂ ಬಾಯಾರಿಕೆಗೂ ಎಷ್ಟು ದೂರ ಎಂಬುದನ್ನು ನಾವು ಅಂದೇ ಕಲಿತೆವು.

ಅಲ್ಲಿಂದ 52 ವರ್ಷಕ್ಕೆ, ಸ್ವತಂತ್ರ ಭಾರತದಲ್ಲಿ, ಬಾಬಾಸಾಹೇಬರೇ ಮುಂದೆ ನಿಂತು ಬರೆದ ಸಂವಿಧಾನ ಜಾರಿಯಲ್ಲಿದ್ದಾಗ, ಇನ್ನೊಂದು ನೀರಿನ ಕತೆ ನಡೆಯಿತು. ಬಂಗಾಳದ ಸುಂದರಬನದಲ್ಲಿ ಮರಿಚ್‌ಝಾಪಿ ಎಂಬ ದ್ವೀಪ. ಸುತ್ತ ಉಪ್ಪು ನೀರು. ನಡುವೆ ಸುಮಾರು ಮೂವತ್ತು ಸಾವಿರ ಜನ. ಪೊಲೀಸ್ ಲಾಂಚುಗಳು ದ್ವೀಪವನ್ನು ಸುತ್ತುವರಿದವು. ಆಚೆ ದಡದಿಂದ ಸಿಹಿನೀರು, ಅಕ್ಕಿ, ಔಷಧಿ ತರಲು ಹೊರಟ ದೋಣಿಗಳನ್ನು ತಡೆದವು. ಒಳಗಿದ್ದವರಲ್ಲಿ ಬಹುಪಾಲು ನಮ್ಮವರು. ನಾಮಶೂದ್ರರು, ಪೌಂಡ್ರರು, ಮೀನು ಹಿಡಿಯುವವರು, ದೋಣಿ ನಡೆಸುವವರು, ಗದ್ದೆ ಉಳುವವರು.

ಆ ವರ್ಷವನ್ನು ನಾವು ಬೇರೆ ಕಾರಣಕ್ಕೆ ನೆನೆಯುತ್ತೇವೆ. 1979ರ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ಸೇರಿತು. ಅದೇ ಮಾರ್ಚಿನಲ್ಲಿ ಆ ದ್ವೀಪದ ಜನ ಹುಲ್ಲು ಬೇಯಿಸಿ ತಿನ್ನುತ್ತಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಅದು ಗೊತ್ತಿತ್ತು? ಇದನ್ನು ಯಾರ ಮೇಲೂ ತಪ್ಪು ಹೊರಿಸಲು ಕೇಳುತ್ತಿಲ್ಲ. ನಮ್ಮನ್ನೇ ಕೇಳಿಕೊಳ್ಳುತ್ತಿದ್ದೇವೆ. ದೇಶದ ಇನ್ನೊಂದು ಮೂಲೆಯಲ್ಲಿ ನಮ್ಮ ಜಾತಿಯ ಹೆಣ ಬಿದ್ದರೆ ನಮಗೆ ಸುದ್ದಿ ಮುಟ್ಟದ ಹಾಗೆ ಈ ದೇಶದ ಪತ್ರಿಕೆ, ಪಾಠಪುಸ್ತಕ, ಪಕ್ಷಗಳು ಕಟ್ಟಿಕೊಂಡಿವೆ. ಅದಕ್ಕೇ ನಮ್ಮ ಚರಿತ್ರೆಯನ್ನು ನಾವೇ ಹೇಳಿಕೊಳ್ಳಬೇಕು.

ಈ ನಾಮಶೂದ್ರರು ಯಾರು? ಮೇಲುಜಾತಿಯವರು ಇವರನ್ನು ಚಂಡಾಲರೆಂದು ಕರೆಯುತ್ತಿದ್ದರು. ಆ ಹೆಸರನ್ನು ಇವರು ಒಪ್ಪಲಿಲ್ಲ. 1872–73ರಷ್ಟು ಹಿಂದೆಯೇ ಫರೀದ್‌ಪುರ, ಬಾಕರ್‌ಗಂಜ್ ಕಡೆ ಮೇಲುಜಾತಿಯವರ ಕೆಲಸಕ್ಕೆ ಹೋಗುವುದಿಲ್ಲ ಎಂದು ಒಟ್ಟಾಗಿ ಕೈಕಟ್ಟಿ ಕೂತವರು ಇವರು. ಹರಿಚಾಂದ್ ಠಾಕೂರರು ಕಟ್ಟಿದ ಮತುವಾ ಪಂಥದಲ್ಲಿ ಪುರೋಹಿತನಿಗೆ ಜಾಗವಿರಲಿಲ್ಲ. ಅವರ ಮಗ ಗುರುಚಾಂದ್ ಠಾಕೂರರು ಗುಡಿಗಿಂತ ಮೊದಲು ಶಾಲೆ ಕಟ್ಟಿ ಎಂದು ಹಳ್ಳಿ ಹಳ್ಳಿಗೆ ಹೋಗಿ ಹೇಳಿದರು. 1911ರ ಜನಗಣತಿಯಲ್ಲಿ ಸರ್ಕಾರ ಹಳೆಯ ಬೈಗುಳದ ಹೆಸರನ್ನು ಕೈಬಿಟ್ಟು ನಾಮಶೂದ್ರ ಎಂದು ಬರೆಯಲೇಬೇಕಾಯಿತು. ಹೆಸರಿಗಾಗಿಯೇ ಇಷ್ಟು ಕಾದ ಜನ.

ಬಾಬಾಸಾಹೇಬರು ಸಂವಿಧಾನ ಸಭೆಗೆ ಹೋದದ್ದೂ ಇವರ ಹೆಗಲ ಮೇಲೆ. 1946ರಲ್ಲಿ ಮುಂಬಯಿ ಪ್ರಾಂತದಿಂದ ಅವರು ಆಯ್ಕೆಯಾಗುವ ದಾರಿ ಇರಲಿಲ್ಲ. ಆಗ ಬಂಗಾಳದಿಂದ ಅವರನ್ನು ಗೆಲ್ಲಿಸಿ ಕಳಿಸಿದವರು ಜೋಗೇಂದ್ರನಾಥ ಮಂಡಲ್ ಮತ್ತು ಅವರ ಸಂಗಾತಿ ಶಾಸಕರು. ದೇಶ ಒಡೆದಾಗ ಈ ಜನರ ನೆಲವೆಲ್ಲ ಪಾಕಿಸ್ತಾನಕ್ಕೆ ಸೇರಿತು. ಬಾಬಾಸಾಹೇಬರು ಬಂಗಾಳದಿಂದ ಪಡೆದಿದ್ದ ಸ್ಥಾನವೂ ಹೋಯಿತು. ಅವರು ಮುಂಬಯಿಯಿಂದ ಮತ್ತೆ ಆಯ್ಕೆಯಾಗಿ ಬಂದರು. ಆರಿಸಿ ಕಳಿಸಿದ ಜನ ಮಾತ್ರ ಗಡಿಯ ಆಚೆಗೇ ಉಳಿದರು.

ಜೋಗೇಂದ್ರನಾಥರು ಪಾಕಿಸ್ತಾನದ ಮೊದಲ ಕಾನೂನು ಮತ್ತು ಕಾರ್ಮಿಕ ಮಂತ್ರಿಯಾದರು. ಬಡ ಮುಸಲ್ಮಾನ ರೈತನೂ ಬಡ ನಾಮಶೂದ್ರ ರೈತನೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು, ಇಬ್ಬರ ಜಮೀನ್ದಾರನೂ ಒಬ್ಬನೇ ಎಂಬುದು ಅವರ ನಂಬಿಕೆಯಾಗಿತ್ತು. ಆ ನಂಬಿಕೆ ಸುಳ್ಳಲ್ಲ. ಆದರೆ ಧರ್ಮದ ಮೇಲೆ ಕಟ್ಟಿದ ರಾಜ್ಯ ಅದನ್ನು ಬಾಳಗೊಡಲಿಲ್ಲ. ಖುಲ್ನಾ, ಬಾರಿಸಾಲ್‌ಗಳಲ್ಲಿ ದಂಗೆಗಳಾದವು. 1950ರ ಅಕ್ಟೋಬರಿನಲ್ಲಿ ಮಂತ್ರಿಗಿರಿಗೆ ರಾಜೀನಾಮೆ ಬಿಸಾಕಿ ಅವರೇ ಕಲ್ಕತ್ತಕ್ಕೆ ಬಂದರು. ಕಾನೂನು ಮಂತ್ರಿಯೇ ನಿರಾಶ್ರಿತನಾದ ಮೇಲೆ ಕೂಲಿಯವನ ಪಾಡು ಏನು?

ಇಲ್ಲಿ ಒಂದು ಮಾತನ್ನು ಸರಿಯಾಗಿ ಗಮನಿಸಬೇಕು. ಎಲ್ಲ ನಿರಾಶ್ರಿತರೂ ಒಂದೇ ಅಲ್ಲ. ಮೊದಲು ಬಂದವರಲ್ಲಿ ಹೆಚ್ಚಿನವರು ಓದಿದವರು, ಮೇಲುಜಾತಿಯವರು. ಕಲ್ಕತ್ತದಲ್ಲಿ ಅವರಿಗೆ ನೆಂಟರಿದ್ದರು, ಆಫೀಸುಗಳಲ್ಲಿ ಪರಿಚಯದವರಿದ್ದರು. ಖಾಲಿ ಜಾಗದಲ್ಲಿ ತಾವೇ ಗುಡಿಸಲು ಹಾಕಿ ಕಾಲೋನಿ ಕಟ್ಟಿದರು. ಅವರೂ ಕಷ್ಟ ಪಟ್ಟವರೇ, ಇಲ್ಲ ಎನ್ನುವುದಿಲ್ಲ. ಆದರೆ ಆ ಕಾಲೋನಿಗಳು ಬರಬರುತ್ತಾ ಸಕ್ರಮವಾದವು. 1950ರ ನಂತರ, ಮತ್ತೆ 1964ರ ಗಲಭೆಗಳ ನಂತರ ಬಂದವರು ಹೊಲದ ಜನ, ಹೊಳೆಯ ಜನ, ದಲಿತರು. ಅವರಿಗೆ ಸಿಕ್ಕಿದ್ದು ಶಿಬಿರ. ಬೇಲಿಯೊಳಗಿನ ಬದುಕು. ಆಮೇಲೆ, ಬಂಗಾಳದಲ್ಲಿ ಜಾಗವಿಲ್ಲ, ದಂಡಕಾರಣ್ಯಕ್ಕೆ ಹೊರಡಿ ಎಂಬ ಅಪ್ಪಣೆ. ಹೋಗದವರಿಗೆ ದಿನದ ಕಾಸು ನಿಲ್ಲಿಸಿದರು.

ಒಂದೇ ಗಡಿ ದಾಟಿದವರು, ಒಂದೇ ಭಾಷೆಯವರು, ಒಂದೇ ದೇವರಿಗೆ ಕೈಮುಗಿಯುವವರು. ಒಬ್ಬರಿಗೆ ನಗರ, ಒಬ್ಬರಿಗೆ ಕಾಡು. ಊರಿಗೂ ಕೇರಿಗೂ ನಡುವೆ ಇರುವ ಗೆರೆ ಗಡಿ ದಾಟಿದ ಮೇಲೂ ಅಳಿಸಲಿಲ್ಲ.

ದಂಡಕಾರಣ್ಯ ಯೋಜನೆ ಶುರುವಾದದ್ದು 1958ರಲ್ಲಿ. ಒರಿಸ್ಸಾದ ಕೋರಾಪುಟ್, ಮಧ್ಯಪ್ರದೇಶದ ಬಸ್ತರ್. ಕೆಂಪು ಕಲ್ಲು ನೆಲ. ನದಿಯ ಬಾಯಲ್ಲಿ ಹುಟ್ಟಿ, ಈಜು ಕಲಿತ ಮೇಲೆ ನಡೆಯಲು ಕಲಿತ ಜನಕ್ಕೆ ನೀರೇ ಇಲ್ಲದ ಗುಡ್ಡ ಕೊಟ್ಟರು. ಇದು ನಿರಾಶ್ರಿತರ ಗೊಣಗಾಟವಲ್ಲ. ಯೋಜನೆಯ ಪ್ರಾಧಿಕಾರಕ್ಕೆ ಅಧ್ಯಕ್ಷರಾಗಿದ್ದ ಶೈಬಾಲ್ ಕುಮಾರ್ ಗುಪ್ತ ಎಂಬ ಅಧಿಕಾರಿಯೇ 1965ರಲ್ಲಿ ಲೇಖನಗಳನ್ನು ಬರೆದು, ಹಂಚಿದ ಭೂಮಿ ಬೇಸಾಯಕ್ಕೆ ಎಷ್ಟು ಅಯೋಗ್ಯ ಎಂದು ತೋರಿಸಿಕೊಟ್ಟರು. ಇನ್ನೂ ಒಂದು ಅನ್ಯಾಯವಿತ್ತು. ಅದು ಖಾಲಿ ಕಾಡಲ್ಲ, ಆದಿವಾಸಿಗಳ ನೆಲ. ಒಬ್ಬ ಬಡವನ ಕೈಯಿಂದ ಕಿತ್ತು ಇನ್ನೊಬ್ಬ ಬಡವನ ಕೈಗಿಟ್ಟು, ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುವ ಹಾಗೆ ಮಾಡಿ, ಅದಕ್ಕೆ ಪುನರ್ವಸತಿ ಎಂದು ಹೆಸರಿಟ್ಟರು.

ಜಾತಿಪತ್ರವೂ ಗಡಿಯಲ್ಲೇ ಉಳಿಯಿತು. ಪರಿಶಿಷ್ಟ ಜಾತಿಯ ಪಟ್ಟಿ ರಾಜ್ಯಕ್ಕೆ ಒಂದೊಂದು ಎಂಬುದು ಸಂವಿಧಾನದ 341ನೆಯ ಕಲಮಿನ ರೀತಿ. ಬಂಗಾಳದಲ್ಲಿ ಪರಿಶಿಷ್ಟನಾದ ನಾಮಶೂದ್ರ ಮಧ್ಯಪ್ರದೇಶದ ಪಟ್ಟಿಯಲ್ಲಿ ಇಲ್ಲ. ಅಸ್ಪೃಶ್ಯತೆ ಅವನ ಜೊತೆ ರೈಲು ಹತ್ತಿತು, ಮೀಸಲಾತಿ ಹತ್ತಲಿಲ್ಲ.

1977ರಲ್ಲಿ ಬಂಗಾಳದಲ್ಲಿ ಎಡರಂಗ ಅಧಿಕಾರಕ್ಕೆ ಬಂತು. ವಿರೋಧ ಪಕ್ಷದಲ್ಲಿದ್ದಾಗ ಈ ನಾಯಕರು, ನಿರಾಶ್ರಿತರನ್ನು ಬಂಗಾಳದಿಂದ ಆಚೆ ಕಳಿಸಬೇಡಿ ಎಂದು ಬೀದಿಗಿಳಿದಿದ್ದರು. ಅದನ್ನು ನಂಬಿ 1978ರ ಆರಂಭದಿಂದ ದಂಡಕಾರಣ್ಯದ ಜನ ಹೊರಟರು. ಎತ್ತು, ಪಾತ್ರೆ ಮಾರಿ ರೈಲು ಹತ್ತಿದರು. ಲಕ್ಷಕ್ಕೂ ಮೇಲ್ಪಟ್ಟು ಜನ. ಹೊಸ ಸರ್ಕಾರ ಹಳೆಯ ಮಾತು ಮರೆತಿತ್ತು. ಬಹಳಷ್ಟು ಜನರನ್ನು ದಾರಿಯಲ್ಲೇ ತಡೆದು ವಾಪಸು ಅಟ್ಟಿದರು. ಸುಮಾರು ಮೂವತ್ತು ಸಾವಿರ ಜನ ತಪ್ಪಿಸಿಕೊಂಡು ಸುಂದರಬನ ಮುಟ್ಟಿ, ಏಪ್ರಿಲ್ ಹೊತ್ತಿಗೆ ಮರಿಚ್‌ಝಾಪಿಯಲ್ಲಿ ಇಳಿದರು.

ಆ ಜನ ಸರ್ಕಾರದಿಂದ ಕಾಸು ಕೇಳಲಿಲ್ಲ. ಜಾಗದಲ್ಲಿ ಇರಲು ಬಿಡಿ, ನಮ್ಮ ಕೈಯಿಂದ ಬದುಕುತ್ತೇವೆ ಎಂದರು. ಕೆಲವೇ ತಿಂಗಳಲ್ಲಿ ಉಪ್ಪು ನೀರು ತಡೆಯಲು ಒಡ್ಡು ಕಟ್ಟಿದರು. ಮೀನು ಸಾಕಿದರು. ದೋಣಿ ಕಟ್ಟುವ ಕೆಲಸ, ಬೀಡಿ ಕಟ್ಟುವ ಕೆಲಸ, ಬ್ರೆಡ್ಡಿನ ಭಟ್ಟಿ, ಒಂದು ದವಾಖಾನೆ, ಒಂದು ಶಾಲೆ. ಆ ನೆಲೆಗೆ ನೇತಾಜಿನಗರ ಎಂದು ಹೆಸರಿಟ್ಟರು. ಗುರುಚಾಂದರ ಮಾತು ಮರೆಯದ ಜನ, ಹಸಿದ ಹೊಟ್ಟೆಯಲ್ಲೂ ಶಾಲೆ ಕಟ್ಟಿದರು. ಹಳ್ಳಿಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಬೇಕು.

ಸರ್ಕಾರ ಹೇಳಿದ್ದೇನು? ಇದು ಮೀಸಲು ಅರಣ್ಯ, ಕಾಡು ನಾಶವಾಗುತ್ತಿದೆ. ಕಾಡು ಉಳಿಯಬೇಕು, ಒಪ್ಪುತ್ತೇವೆ. ಆದರೆ ಜನ ಇಳಿದ ಆ ಜಾಗದಲ್ಲಿ 1975ರಲ್ಲೇ ಸರ್ಕಾರ ಮ್ಯಾಂಗ್ರೋವ್ ಕಾಡು ಕಡಿಸಿ ಆದಾಯಕ್ಕೆಂದು ತೆಂಗು ಹಾಕಿಸಿತ್ತು ಎಂದು ಆ ಸೀಮೆಯಲ್ಲಿ ಬಹುಕಾಲ ಇದ್ದು ಅಧ್ಯಯನ ಮಾಡಿದ ಅನ್ನು ಜಲೈಸ್ ಬರೆದಿದ್ದಾರೆ. ಸರ್ಕಾರ ಕಡಿದರೆ ಯೋಜನೆ, ದಲಿತ ಗುಡಿಸಲು ಹಾಕಿದರೆ ನಾಶ. ಸುಂದರಬನದ ಹಳ್ಳಿಯವರು ಅವರ ಮುಂದೆ ಇನ್ನೊಂದು ಮಾತು ಹೇಳಿದ್ದಾರೆ: ಹುಲಿಗಿಂತ ನಾವು ಕಡೆಯಾದೆವು.

1979ರ ಜನವರಿ 24. ಗಣರಾಜ್ಯೋತ್ಸವಕ್ಕೆ ಇನ್ನು ಎರಡು ದಿನ. ದ್ವೀಪದ ಸುತ್ತ 144ನೆಯ ಕಲಮು ಜಾರಿಯಾಯಿತು. ಐದು ಜನ ಗುಂಪು ಸೇರಬಾರದು ಎಂಬ ಕಲಮು ನಮಗೆಲ್ಲ ಗೊತ್ತಿರುವಂಥದ್ದು. ಅದೇ ಕಲಮಿನಲ್ಲಿ ಮೂವತ್ತು ಸಾವಿರ ಜನರ ಅನ್ನ ನೀರು ನಿಲ್ಲಿಸಬಹುದು ಎಂದು ಅಂದು ಗೊತ್ತಾಯಿತು. ಜನವರಿ 31ರಂದು ಅನ್ನ ನೀರಿಗೆಂದು ಎದುರಿನ ಕುಮೀರ್‌ಮಾರಿ ಹಳ್ಳಿಯ ಕಡೆಗೆ ದಾಟಿದವರ ಮೇಲೆ ಗುಂಡು ಹಾರಿತು. ದೋಣಿಗಳನ್ನು ಗುದ್ದಿ ಮುಳುಗಿಸಿದರು ಎಂದು ಬದುಕಿ ಉಳಿದವರು ಹೇಳುತ್ತಾರೆ.

ಕಲ್ಕತ್ತ ಹೈಕೋರ್ಟಿಗೆ ಅರ್ಜಿ ಹೋಯಿತು. ಕುಡಿಯುವ ನೀರು, ಆಹಾರ, ಔಷಧಿ, ವೈದ್ಯರನ್ನು ತಡೆಯಕೂಡದು ಎಂದು ಫೆಬ್ರವರಿಯಲ್ಲಿ ಕೋರ್ಟು ಹೇಳಿತು. ಆ ಕಾಗದ ಹೊಳೆ ದಾಟಲಿಲ್ಲ. ಹುಲ್ಲು, ಸೊಪ್ಪು ತಿಂದು ಮಕ್ಕಳು ವಾಂತಿ ಭೇದಿಯಲ್ಲಿ ಹೋದವು. ಮಾರ್ಚಿನಲ್ಲಿ ಸಂಸದರ ತಂಡವೊಂದು ಬಂದು ನೋಡಿಕೊಂಡು ಹೋಯಿತು. ಆದರೆ ದಿಲ್ಲಿಯ ಜನತಾ ಸರ್ಕಾರ ಬಂಗಾಳ ಸರ್ಕಾರದ ಕೈ ಹಿಡಿಯಲಿಲ್ಲ. ಮೇ 14ರಿಂದ 16ರವರೆಗೆ ಪೊಲೀಸರು ದ್ವೀಪಕ್ಕಿಳಿದು ಗುಡಿಸಲುಗಳನ್ನು ಸುಟ್ಟರು. ಶಾಲೆಯೂ ಹೋಯಿತು. ಸಿಕ್ಕವರನ್ನು ತುಂಬಿ ಮತ್ತೆ ದಂಡಕಾರಣ್ಯಕ್ಕೆ ಕಳಿಸಿದರು.

ಸತ್ತವರೆಷ್ಟು? ಸರ್ಕಾರದ ಲೆಕ್ಕ ಬೆರಳಿನಲ್ಲಿ ಎಣಿಸುವಷ್ಟು. ನಿರಾಶ್ರಿತರ ಲೆಕ್ಕ ನೂರುಗಳನ್ನು, ಸಾವಿರವನ್ನು ದಾಟುತ್ತದೆ. ಗುಂಡಿಗೆ ಸತ್ತವರು, ಮುಳುಗಿ ಸತ್ತವರು, ಹಸಿದು ಸತ್ತವರು, ವಾಪಸು ಹೋಗುವ ದಾರಿಯಲ್ಲಿ ಸತ್ತವರು, ಎಲ್ಲ ಬೇರೆ ಬೇರೆ ಲೆಕ್ಕ. ಸರಿಯಾದ ಸಂಖ್ಯೆ ಇಲ್ಲ, ಯಾಕೆಂದರೆ ಎಣಿಸುವ ಕೆಲಸವನ್ನೇ ಮಾಡಲಿಲ್ಲ. ಒಬ್ಬ ಅಧಿಕಾರಿಗೂ ಶಿಕ್ಷೆಯಾಗಲಿಲ್ಲ. ರಾಸ್ ಮಲ್ಲಿಕ್ ಎಂಬ ವಿದ್ವಾಂಸರು 1999ರಲ್ಲಿ ಬರೆದ ಪ್ರಕಾರ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯೋಗದ ಮರಿಚ್‌ಝಾಪಿ ಕಡತದಲ್ಲಿ ಸತ್ತ 236 ಜನರ ಹೆಸರು, ವಯಸ್ಸಿನ ಪಟ್ಟಿ ಇತ್ತು. ಆದರೂ ಬಂಗಾಳದಲ್ಲಿ ದಲಿತರ ಮೇಲೆ ದೌರ್ಜನ್ಯ ನಡೆದಿಲ್ಲ ಎಂದು ಆಯೋಗದ ವಾರ್ಷಿಕ ವರದಿ ಹೇಳಿತು. ಪಟ್ಟಿ ಕಪಾಟಿನಲ್ಲಿ, ವರದಿ ಪಾರ್ಲಿಮೆಂಟಿನಲ್ಲಿ.

ನಾವು ಎಡಪಕ್ಷಗಳ ವೈರಿಗಳಲ್ಲ. ಅದೇ ಸರ್ಕಾರ 1978ರಲ್ಲಿ ಬರ್ಗಾ ಕಾರ್ಯಾಚರಣೆ ಶುರು ಮಾಡಿ ಗೇಣಿದಾರರ ಹೆಸರನ್ನು ದಫ್ತರಕ್ಕೆ ಏರಿಸಿತು. ಅದು ದೊಡ್ಡ ಕೆಲಸ. ಆದರೆ ಬಾವುಟದ ಬಣ್ಣ ಬದಲಾದ ಮಾತ್ರಕ್ಕೆ ಕುರ್ಚಿಯ ಜಾತಿ ಬದಲಾಗುವುದಿಲ್ಲ ಎಂಬ ಸತ್ಯವನ್ನು ಮರಿಚ್‌ಝಾಪಿ ಕಲಿಸಿತು. ಇದನ್ನು ಇಂದು ಧರ್ಮದ ರಾಜಕಾರಣದವರು ತಮ್ಮ ಗಿರಣಿಗೆ ಹಾಕಿಕೊಳ್ಳಲು ನೋಡುತ್ತಾರೆ. ಅವರಿಗೂ ಕೇಳಬೇಕು: ಸತ್ತವರು ಹಿಂದೂಗಳು ಎನ್ನುತ್ತೀರಲ್ಲ, ಹಾಗಾದರೆ ಕೊಲ್ಲಿಸಿದವರು ಯಾರು?

ಇನ್ನು ಕಾನೂನಿನ ಮಾತು. ನಿರಾಶ್ರಿತ ಎಂದರೆ ಯಾರು ಎಂದು ಹೇಳುವ ಕಾನೂನು ಭಾರತದಲ್ಲಿ ಇಂದಿಗೂ ಇಲ್ಲ. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಜಾಗತಿಕ ಒಡಂಬಡಿಕೆಗೆ ನಮ್ಮ ದೇಶ ಸಹಿ ಹಾಕಿಲ್ಲ. ಬ್ರಿಟಿಷರು ಬಿಟ್ಟುಹೋದ 1946ರ ವಿದೇಶಿಯರ ಕಾಯಿದೆ ಬಹುಕಾಲ ನಡೆಯಿತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂತು. ಅದರಲ್ಲೂ ಪ್ರಾಣ ಉಳಿಸಿಕೊಳ್ಳಲು ಓಡಿ ಬಂದವನಿಗೆ ಪ್ರತ್ಯೇಕ ಹಕ್ಕಿನ ಜಾಗವಿಲ್ಲ. ಕಾನೂನಿಲ್ಲದ ಕಡೆ ಆಳುವವರ ದಯೆಯೇ ಕಾನೂನು. ದಯೆಗೆ ಜಾತಿ ಗೊತ್ತು, ಧರ್ಮ ಗೊತ್ತು, ಓಟು ಗೊತ್ತು.

ಆದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದಲ್ಲ. ಸಂವಿಧಾನವನ್ನು ತೆಗೆದು ಓದಿ. ಮಾತಾಡುವ, ನೆಲೆಸುವ ಹಕ್ಕುಗಳ 19ನೆಯ ಕಲಮು ಪೌರರಿಗೆ. 14ನೆಯ ಕಲಮಿನ ಸಮಾನತೆ, 21ನೆಯ ಕಲಮಿನ ಜೀವದ ಹಕ್ಕು ಪೌರರಿಗೆ ಮಾತ್ರವಲ್ಲ, ಈ ನೆಲದ ಮೇಲೆ ನಿಂತ ಯಾವುದೇ ವ್ಯಕ್ತಿಗೆ. ಒಂದೊಂದು ಪದವನ್ನೂ ತೂಗಿ ಇಟ್ಟಿದ್ದಾರೆ. 1996ರಲ್ಲಿ ಅರುಣಾಚಲದಿಂದ ಚಕ್ಮಾ ಜನರನ್ನು ಓಡಿಸಲು ಹೊರಟಾಗ, ಅವರ ಜೀವ ಕಾಯುವುದು ರಾಜ್ಯ ಸರ್ಕಾರದ ಕರ್ತವ್ಯ ಎಂದು ಸುಪ್ರೀಂ ಕೋರ್ಟು ಇದೇ 21ನೆಯ ಕಲಮು ಹಿಡಿದು ಹೇಳಿತು.

ಇದರ ಎದುರಿಗೆ ಇನ್ನೊಂದು ದಾರಿಯೂ ಬೆಳೆಯಿತು. 2003ರ ಪೌರತ್ವ ತಿದ್ದುಪಡಿ, ಕಾಗದವಿಲ್ಲದೆ ಬಂದವರನ್ನು ಅಕ್ರಮ ವಲಸಿಗರೆಂದು ಕರೆದು, ಅವರ ಮಕ್ಕಳಿಗೆ ಹುಟ್ಟಿನಿಂದ ಸಿಗುವ ಪೌರತ್ವವನ್ನೂ ಕಿತ್ತುಕೊಂಡಿತು. ಇದರ ಏಟು ಯಾರಿಗೆ ಮೊದಲು ಬಿತ್ತು? 1971ರ ನಂತರ ಬಂದ ಅದೇ ನಾಮಶೂದ್ರ ಕೂಲಿಗಳಿಗೆ. ಆ ಗಾಯಕ್ಕೆ 2019ರ ತಿದ್ದುಪಡಿ ಧರ್ಮದ ಮುಲಾಮು ಹಚ್ಚಿತು. ಮೂರು ದೇಶ, ಆರು ಧರ್ಮ, 2014ರ ಡಿಸೆಂಬರ್ 31ರ ಗಡುವು. ಮುಸಲ್ಮಾನ ಹೊರಗೆ. ಪಟ್ಟಿಯಲ್ಲಿ ಶ್ರೀಲಂಕಾ ಇಲ್ಲದ್ದರಿಂದ ಅಲ್ಲಿಂದ ಓಡಿ ಬಂದ ತಮಿಳನೂ ಹೊರಗೆ. ಹಸಿವಿನ ಹೊಟ್ಟೆಗೆ ಧರ್ಮ ಕೇಳಿ ಬಡಿಸುವ ಪಂಕ್ತಿಯನ್ನು ನಾವು ಮಠಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.

ಇದೆಲ್ಲ ಬಂಗಾಳದ ಕತೆ, ನಮಗೇನು ಎನ್ನುವವರು ರಾಯಚೂರು ಜಿಲ್ಲೆಯ ಸಿಂಧನೂರಿಗೆ ಹೋಗಿ ಬನ್ನಿ. ತುಂಗಭದ್ರಾ ಎಡದಂಡೆ ನಾಲೆಯ ಆ ಸೀಮೆಯಲ್ಲಿ, ಪೂರ್ವ ಬಂಗಾಳದಿಂದ ಬಂದವರಿಗಾಗಿ ಸರ್ಕಾರವೇ ಮಾಡಿದ ಪುನರ್ವಸತಿ ಕ್ಯಾಂಪುಗಳಿವೆ. ಅಲ್ಲೂ ನಾಮಶೂದ್ರರಿದ್ದಾರೆ. ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದವರು, ನಮ್ಮ ಗದ್ದೆಗಳಲ್ಲಿ ನಾಟಿ ಮಾಡಿದವರು. ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಗೆ ಹೋಗಿ. ಅಲ್ಲಿ ಹಾಲು ಇಳಿಸುವ ತಮಿಳು ಕಾರ್ಮಿಕರ ಹಿರಿಯರು ಸಿಲೋನಿನ ಟೀ ತೋಟದ ಕೂಲಿಗಳು, ಬಹುಪಾಲು ದಲಿತರು. 1948ರಲ್ಲಿ ಸಿಲೋನ್ ಸರ್ಕಾರ ಕಾನೂನು ಮಾಡಿ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಸಿರಿಮಾವೋ ಮತ್ತು ಶಾಸ್ತ್ರಿ ಕೂತು, ಭಾರತಕ್ಕೆ 5,25,000, ಸಿಲೋನಿಗೆ 3,00,000 ಎಂದು ಜನರನ್ನು ಪಾಲು ಹಾಕಿಕೊಂಡರು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಅರ್ಧ ಅರ್ಧ ಹಂಚಿಕೊಂಡರು. ದಾಯಾದಿಗಳು ದನ ಹಂಚಿಕೊಂಡ ಹಾಗೆ. ನಿಮಗೆ ಎಲ್ಲಿಗೆ ಹೋಗಬೇಕು ಎಂದು ಆ ಹೆಂಗಸರನ್ನು, ಗಂಡಸರನ್ನು ಕರೆದು ಕೂರಿಸಿಕೊಂಡು ಕೇಳಲಿಲ್ಲ.

ಬೆಂಗಳೂರಿಗೂ ಬನ್ನಿ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ, ಇಲ್ಲಿರುವವರು ಬಾಂಗ್ಲಾದೇಶದ ಅಕ್ರಮ ನುಸುಳುಕೋರರು ಎಂಬ ಗುಲ್ಲಿನ ಮೇಲೆ ಕೂಲಿಗಳ ಗುಡಿಸಲುಗಳನ್ನು ಕೆಡವಿದರು. ಜೆಸಿಬಿ ಹೋದ ಮೇಲೆ ಅಲ್ಲಿ ನಿಂತಿದ್ದವರು ಯಾರು? ಅಸ್ಸಾಮಿನವರು, ತ್ರಿಪುರದವರು, ಜೊತೆಗೆ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡದ ಜನ. ಕೈಯಲ್ಲಿ ಓಟಿನ ಚೀಟಿ, ಆಧಾರ್ ಹಿಡಿದುಕೊಂಡೇ ನಿಂತಿದ್ದರು. ಮುಂದಿನ ತಿಂಗಳು ಕರ್ನಾಟಕ ಹೈಕೋರ್ಟು, ಹೀಗೆ ತೆರವು ಮಾಡಿಸಿದ್ದು ಕಾನೂನಿಗೆ ವಿರುದ್ಧ, ಅವರಿಗೆ ಪುನರ್ವಸತಿ ಕೊಡಬೇಕು ಎಂದಿತು. ಒಬ್ಬ ಪರದೇಶಿಯನ್ನು ಕಾನೂನಿಲ್ಲದೆ ಎತ್ತಿ ಬಿಸಾಡಲು ಬಿಟ್ಟರೆ, ಆ ಜೆಸಿಬಿ ಮೊದಲು ಬರುವುದು ನಮ್ಮ ಗುಡಿಸಲಿಗೆ. ಬಡವನ ಗುಡಿಸಲಿಗೆ ಪೌರತ್ವದ ಬೋರ್ಡು ಇರುವುದಿಲ್ಲ.

ಹಾಗಾದರೆ ನಾವು ಮಾಡಬೇಕಾದ್ದೇನು? ಧರ್ಮ ಕೇಳದ, ಜಾತಿ ಕೇಳದ ಒಂದು ನಿರಾಶ್ರಿತರ ಕಾನೂನು ಬೇಕು ಎಂದು ಕೇಳಬೇಕು. ವಿಚಾರಣೆ ಇಲ್ಲದೆ, ವಕೀಲರಿಲ್ಲದೆ ಒಬ್ಬರನ್ನೂ ಹೊರಗೆ ದಬ್ಬಬಾರದು ಎಂದು ಕೇಳಬೇಕು. ರಾಜ್ಯ ದಾಟಿಸಿ ನೆಲೆ ಕೊಟ್ಟ ದಲಿತನಿಗೆ ಅವನ ಜಾತಿಪತ್ರವೂ ಜೊತೆಗೇ ಬರಬೇಕು ಎಂದು ಕೇಳಬೇಕು. ಮರಿಚ್‌ಝಾಪಿಯ ಕಡತಗಳನ್ನು ತೆರೆದು ಸತ್ತವರ ಹೆಸರು ಓದಬೇಕು ಎಂದು ಕೇಳಬೇಕು. ಇದಕ್ಕಿಂತ ಮೊದಲ ಕೆಲಸ ಇನ್ನೊಂದಿದೆ. ನಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ, ಕಾಫಿ ತೋಟದ ಲೈನಿನಲ್ಲಿ ಬೇರೆ ಭಾಷೆಯ ಕೂಲಿಯನ್ನು ಕಂಡಾಗ, ಇವನು ನಮ್ಮ ಅನ್ನ ಕಿತ್ತುಕೊಳ್ಳಲು ಬಂದವನು ಎನ್ನುವ ಮಾತು ನಮ್ಮ ಬಾಯಿಂದಲೇ ಬರದ ಹಾಗೆ ನೋಡಿಕೊಳ್ಳಬೇಕು. ಆ ಮಾತು ಧಣಿಯ ಬಾಯಿಂದ ಹುಟ್ಟಿದ್ದು. ಇಬ್ಬರ ಕೂಲಿಯನ್ನೂ ಇಳಿಸಲು ಹುಟ್ಟಿದ್ದು.

ಮಹಾಡಿನ ಕೆರೆಯ ದಡದಲ್ಲಿ ಬಾಬಾಸಾಹೇಬರ ಜೊತೆ ನಿಂತವರನ್ನು ನಾವು ಪೂರ್ವಿಕರು ಎನ್ನುತ್ತೇವೆ. ಉಪ್ಪು ನೀರಿನ ನಡುವೆ ಸಿಹಿನೀರಿಗಾಗಿ ದೋಣಿ ಇಳಿಸಿದ ಮರಿಚ್‌ಝಾಪಿಯ ಹೆಂಗಸರೂ ನಮ್ಮ ಪೂರ್ವಿಕರೇ. ನೀರು ಕೊಡುವ ಮೊದಲು ನೀನು ಯಾರು, ಯಾವ ಊರು, ಯಾವ ಕುಲ ಎಂದು ಕೇಳಿಸಿಕೊಂಡ ಜನ ನಾವು. ಇನ್ನೊಬ್ಬರನ್ನು ಆ ಪ್ರಶ್ನೆ ನಾವು ಕೇಳುವುದಿಲ್ಲ. ಕೇಳುವವರನ್ನು ಸುಮ್ಮನೆ ಬಿಡುವುದೂ ಇಲ್ಲ.